ಕರೆಂಟು ಹೋದ ಇಪ್ಪತ್ತು ನಿಮಿಷ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಮೂರು ಕೋಣೆಗಳ ಒಂದು ಲ್ಯಾಬಿನಲ್ಲಿ, ಇಪ್ಪತ್ತೇಳು ವರ್ಷದಿಂದ ಕಟ್ಟು ಹಲ್ಲು ಮಾಡುತ್ತಿದ್ದವರು. ಊರಿನ ದಂತವೈದ್ಯರು ಬೋಳು ಬಾಯಿಗಳ ಅಚ್ಚು ತೆಗೆದು ಕಳಿಸುತ್ತಿದ್ದರು. ಲ್ಯಾಬಿನವರು ಅದಕ್ಕೆ ಗಾರೆ ಹೊಯ್ದು ದವಡೆ ಎಬ್ಬಿಸಿ, ಮೇಣದ ಮೇಲೆ ಹಲ್ಲು ಜೋಡಿಸಿ, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ, ಅಚ್ಚನ್ನು ಬಿಗಿಯಾಗಿ ತಿರುಪಿ ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದರು. ಅಲ್ಲಿಗೆ ಬಂದ ಹೊಸಬರಿಗೆಲ್ಲ ಕಸುಬು ಕಲಿಸಿದ್ದು ಇವರೇ ಆದ್ದರಿಂದ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಅದನ್ನು ಅವರು ಯಾರೋ ಕೊಟ್ಟ ಪದವಿಯಂತೆ ಧರಿಸಿಕೊಂಡು ಓಡಾಡುತ್ತಿದ್ದರು.

ಇಷ್ಟು ವರ್ಷ ಹಲ್ಲಿನ ಜೊತೆ ಬಾಳಿದ್ದರಿಂದ ಅವರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ನೇರ ಬಾಯಿಯೊಳಗೆ ಇಣುಕಿ, “ಓ, ಕೆಳಗಿನ ಎಡಗಡೆ, ಎರಡು ಹಲ್ಲು! ಹೇಗಿದ್ದೀರಿ?” ಎಂದು ಗುರುತು ಹಿಡಿಯುತ್ತಿದ್ದರು. ಸಿನಿಮಾದಲ್ಲಿ ನಾಯಕಿ ಕೊನೆಯುಸಿರೆಳೆಯುವಾಗ ಪಕ್ಕದಲ್ಲಿ ಹೆಂಡತಿ ಕಣ್ಣೊರೆಸಿಕೊಂಡರೆ, ಇವರು ಅವಳ ಕಿವಿಯಲ್ಲಿ “ಮುಂದಿನ ನಾಲ್ಕೂ ಕ್ಯಾಪು” ಎಂದು ಪಿಸುಗುಟ್ಟುತ್ತಿದ್ದರು. ಆಕೆ ಅವರ ಜೊತೆ ಸಿನಿಮಾಕ್ಕೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಮೇಷ್ಟ್ರ ಬಾಳು ಹೀಗೆ ಸುಖವಾಗಿಯೇ ಸಾಗುತ್ತಿತ್ತು, ಬಾಮೈದ ಒಬ್ಬನಿರದಿದ್ದರೆ.

ಬಾಮೈದ ಎಂದರೆ ಹೆಂಡತಿಯ ತಮ್ಮ. ಹದಿನೈದು ವರ್ಷದ ಹಿಂದೆ ಯಾವ ಕೆಲಸವೂ ಕೈಗೆ ಹತ್ತದೆ ಅಕ್ಕನ ಮನೆಯ ಸೋಫಾದ ಮೇಲೆ ಕೂತಿದ್ದವನನ್ನು ಮೇಷ್ಟ್ರೇ ಲ್ಯಾಬಿಗೆ ಕರೆತಂದು ಮೇಣದ ಚಾಕು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದರು. ಆಗ ಅವರಿಗಿದ್ದ ಉದ್ದೇಶ ಪರೋಪಕಾರ. ಜೊತೆಗೆ ಸೋಫಾ ಖಾಲಿಯಾಗಲಿ ಎಂಬುದೂ ಸ್ವಲ್ಪ. ಆದರೆ ಅವನು ಕಲಿತ ರೀತಿ ಮಾತ್ರ ಅವರ ಉದ್ದೇಶದಲ್ಲಿರಲಿಲ್ಲ. ಮೇಷ್ಟ್ರು ಹಲ್ಲು ಜೋಡಿಸಿದರೆ ಸೈನಿಕರು ಸಾಲಾಗಿ ನಿಂತಂತೆ ಕಾಣುತ್ತಿತ್ತು. ಬಾಮೈದ ಜೋಡಿಸುವಾಗ ಒಂದು ಹಲ್ಲನ್ನು ಬೇಕೆಂದೇ ಕೂದಲೆಳೆಯಷ್ಟು ಓರೆ ಮಾಡುತ್ತಿದ್ದ, ಇನ್ನೊಂದರ ತುದಿಯನ್ನು ತುಸು ಸವೆಸುತ್ತಿದ್ದ. ಅಷ್ಟೇ. ಆ ಹಲ್ಲು ಹಾಕಿಕೊಂಡವರು ತಮ್ಮ ಬಾಯಲ್ಲಿ ತಾವೇ ನಕ್ಕ ಹಾಗೆ ನಗುತ್ತಿದ್ದರು.

“ಓರೆ ಮಾಡೋದು ಯಾವ ವಿದ್ಯೆ?” ಎಂದು ಮೇಷ್ಟ್ರು ಹಾಲಿನ ಪಾತ್ರೆ ತೊಳೆಯುತ್ತಿದ್ದ ಹೆಂಡತಿಗೆ ಹೇಳುತ್ತಿದ್ದರು. “ನಾನು ಇಪ್ಪತ್ತೇಳು ವರ್ಷ ಕಷ್ಟಪಟ್ಟು ನೆಟ್ಟಗೆ ಮಾಡಿದ್ದೀನಿ. ಓರೆ ಮಾಡೋದಕ್ಕೆ ಏನು ಬೇಕು?”

“ನನ್ನ ಕೇಳ್ಬೇಡಿ. ಈ ನಲ್ಲಿ ಯಾವಾಗ ಸರಿಮಾಡ್ತೀರಿ ಹೇಳಿ.”

“ಮಾಡೋಣ ಅಂತ ಇದೀನಿ.”

ಆ ನಲ್ಲಿ ನಾಲ್ಕು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ನಾಲ್ಕು ವರ್ಷದಿಂದ ‘ಮಾಡೋಣ ಅಂತ’ ಇದ್ದರು.

ಹೊಟ್ಟೆಕಿಚ್ಚು ಒಂದೇ ಸಲ ಹೊತ್ತಿಕೊಂಡಿದ್ದಲ್ಲ. ಮೊದಮೊದಲು ಫೋನಿನಲ್ಲಿ ಬಂತು. ದಂತವೈದ್ಯರು ಫೋನ್ ಮಾಡಿ, “ಆ ಇನ್ನೊಬ್ಬರು ಇದ್ದಾರಲ್ಲ, ಅವರ ಕೈಯಲ್ಲೇ ಮಾಡಿಸಿ” ಎನ್ನತೊಡಗಿದರು. ಫೋನ್ ಎತ್ತಿದವರು ಮೇಷ್ಟ್ರೇ ಆಗಿರುತ್ತಿದ್ದರು. “ಆಗಲಿ, ಹೇಳ್ತೀನಿ” ಎನ್ನುವಾಗ ಅವರ ದನಿ ಎಷ್ಟು ನಯವಾಗುತ್ತಿತ್ತೆಂದರೆ, ಹೊಳಪು ಕೊಡುವ ಕೋಣೆಯಲ್ಲಿ ಚಕ್ರದ ಮುಂದೆ ಕೂತ ಪಾಲಿಶ್ ಅಕ್ಕ ತಲೆಯೆತ್ತದೆಯೇ, “ಮತ್ತೆ ಅವನಿಗಾ?” ಎಂದು ಕೇಳುತ್ತಿದ್ದಳು. ಆಕೆಯ ಬಾಯಿಗೆ ಬೀಗವಿರಲಿಲ್ಲ. “ನಿಮ್ಮ ಶಿಷ್ಯ ಮಾಡಿದ್ದು ನೋಡಿದ್ರೆ ಇರೋ ಹಲ್ಲೆಲ್ಲ ಕೀಳಿಸಿಕೊಂಡು ಬಿಡೋಣ ಅನ್ಸುತ್ತೆ ಮೇಷ್ಟ್ರೇ. ಎಷ್ಟು ಚೆನ್ನಾಗಿ ಕಲಿಸಿದ್ದೀರಿ!”

ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ಮೇಷ್ಟ್ರು ಊಟ ಮುಗಿಯುವವರೆಗೂ ಯೋಚಿಸುತ್ತಿದ್ದರು.

ಹೋಗಲಿ, ಬಾಮೈದನಿಗೆ ಜಂಬವಾದರೂ ಇದ್ದಿದ್ದರೆ ಮೇಷ್ಟ್ರ ಪಾಡು ಸುಲಭವಿತ್ತು. ಅವನು ಅದನ್ನೂ ಇಟ್ಟುಕೊಂಡಿರಲಿಲ್ಲ. ಹೊಸ ಸೆಟ್ಟು ಮುಗಿಸಿದಾಗಲೆಲ್ಲ ತಂದು, “ಭಾವ, ಒಂದ್ಸಲ ನೋಡ್ತೀರಾ?” ಎಂದು ಮುಂದೆ ಹಿಡಿಯುತ್ತಿದ್ದ. ಮೇಷ್ಟ್ರು ಲೆನ್ಸು ಕಣ್ಣಿಗಿಟ್ಟು, ತಪ್ಪು ಸಿಗಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ಹತ್ತು ನಿಮಿಷ ಹುಡುಕಿ, ಕೊನೆಗೆ “ಪರವಾಗಿಲ್ಲ” ಎನ್ನುತ್ತಿದ್ದರು. ಅವನು ಅದನ್ನೇ ಬಹುಮಾನದ ಹಾಗೆ ತೆಗೆದುಕೊಂಡು ಹೋಗುತ್ತಿದ್ದ. ದ್ವೇಷಿಸುವುದಕ್ಕೂ ಒಂದು ಹಿಡಿ ಬೇಕು. ಬಾಮೈದ ಎಲ್ಲಿ ಮುಟ್ಟಿದರೂ ನುಣ್ಣಗಿದ್ದ.

ಹೀಗಿರುವಾಗ ಲ್ಯಾಬಿನ ಯಜಮಾನರು ಒಂದು ದಿನ ಎಲ್ಲರನ್ನೂ ಕರೆದರು. ಮೂರು ಕೋಣೆಯ ಲ್ಯಾಬನ್ನು ಅವರು ‘ನಮ್ಮ ಸಂಸ್ಥೆ’ ಎನ್ನುತ್ತಿದ್ದರು. ಪಕ್ಕದ ಕೋಣೆಯೂ ಸಿಕ್ಕಿರುವುದರಿಂದ ಸಂಸ್ಥೆ ‘ವಿಸ್ತಾರ’ಗೊಳ್ಳಲಿದೆ, ಕೆಲಸವನ್ನೆಲ್ಲ ನೋಡಿಕೊಳ್ಳಲು ಒಬ್ಬ ಮುಖ್ಯಸ್ಥ ಬೇಕು, ತಿಂಗಳ ಕೊನೆಗೆ ಹೆಸರು ಹೇಳುತ್ತೇನೆ ಎಂದರು. ಹೇಳುವಾಗ ಮೇಷ್ಟ್ರ ಕಡೆ ಒಮ್ಮೆ, ಬಾಮೈದನ ಕಡೆ ಒಮ್ಮೆ ನೋಡಿದರು. ಬಾಮೈದನ ಕಡೆ ನೋಡಿದ್ದು ತುಸು ಹೆಚ್ಚು ಹೊತ್ತು ಎಂದು ಮೇಷ್ಟ್ರು ಅಳೆದರು. ಅರ್ಧ ಮಿಲಿಮೀಟರು ವ್ಯತ್ಯಾಸ ಹಿಡಿಯುವ ಕಣ್ಣು ಅವರದು.

ಪರೀಕ್ಷೆಯೂ ತಾನಾಗೇ ಒದಗಿ ಬಂತು. ಊರಿನಲ್ಲೊಬ್ಬ ನಿವೃತ್ತ ನ್ಯಾಯಾಧೀಶರಿದ್ದರು, ಯಜಮಾನರಿಗೆ ಬೇಕಾದವರು. ಅವರಿಗೆ ಮೇಷ್ಟ್ರು ಎರಡು ಸೆಟ್ಟು ಮಾಡಿಕೊಟ್ಟಿದ್ದರು. ಎರಡನ್ನೂ ಅವರು ವೈದ್ಯರ ಕುರ್ಚಿಯಲ್ಲೇ ವಜಾ ಮಾಡಿದ್ದರು. ಮೊದಲನೆಯದಕ್ಕೆ, “ಇದು ನನ್ನನ್ನು ಕುದುರೆ ಮಾಡಿದೆ” ಎಂದು ತೀರ್ಪು. ಎರಡನೆಯದಕ್ಕೆ, “ಬೇರೆ ಯಾರದೋ ಬಾಯಿ ಎರವಲು ತಂದ ಹಾಗಿದೆ.” ಮೂರನೆಯದು ಬಾಮೈದನ ಕೈಗೆ ಹೋಯಿತು. ಮೇಣದ ಮೇಲೆ ಹಲ್ಲು ಕೂರಿಸಿ ಹಾಕಿ ತೋರಿಸಿದಾಗಲೇ ನ್ಯಾಯಾಧೀಶರು ಕನ್ನಡಿ ಹಿಡಿದು ನಕ್ಕರಂತೆ. ಆಮೇಲೆ ಮತ್ತೊಮ್ಮೆ ನಕ್ಕರಂತೆ. ಊರಿನ ಗ್ರಂಥಾಲಯದ ಹೊಸ ಕಟ್ಟಡ ತೆರೆಯುವ ಸಭೆಯಲ್ಲಿ ಈ ಹಲ್ಲಿನಿಂದಲೇ ಭಾಷಣ ಮಾಡುತ್ತೇನೆ ಎಂದರಂತೆ. ಈ ಮೂರೂ ‘ಅಂತೆ’ಗಳನ್ನು ಪಾಲಿಶ್ ಅಕ್ಕ ಮೇಷ್ಟ್ರ ಬೆಂಚಿನ ಮುಂದೆ ನಿಂತು ಹೇಳಿದಳು.

ಸೆಟ್ಟು ಪೂರ್ತಿಯಾಗಿ ಸಿದ್ಧವಾದದ್ದು ಒಂದು ಸೋಮವಾರ. ಬಾಮೈದನ ಬೆಂಚಿನ ಮೇಲೆ ನೀರು ತುಂಬಿದ ಬಿಳಿ ಬಟ್ಟಲಲ್ಲಿ ಅದು ಮಲಗಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದು ಹೋದರು. ತಲೆನೋವು ಎಂದು ಮೇಷ್ಟ್ರು ಹಿಂದೆ ಉಳಿದರು. ತಲೆನೋವು ಇರಲಿಲ್ಲ, ನೋವಿದ್ದದ್ದು ಅದಕ್ಕಿಂತ ಒಂದೂವರೆ ಅಡಿ ಕೆಳಗೆ.

ಮೇಲಿನ ಸೆಟ್ಟು ಬಾಯಲ್ಲಿ ನಿಲ್ಲುವುದು ಯಾವ ಅಂಟಿನಿಂದಲೂ ಅಲ್ಲ. ಅಂಗುಳಿನ ಹಿಂಭಾಗದ ಮೆತ್ತನೆಯ ಜಾಗಕ್ಕೆ ಅದರ ಅಂಚು ಚೂರೇ ಚೂರು ಒತ್ತಿಕೊಂಡು ಕೂರುತ್ತದೆ, ಒಳಗೆ ಗಾಳಿ ಹೋಗದು, ಆದ್ದರಿಂದ ಸೆಟ್ಟು ಬೀಳದು. ಆ ಅಂಚನ್ನು ಅರ್ಧ ಮಿಲಿಮೀಟರು ಸವೆಸಿದರೆ ಕುರ್ಚಿಯಲ್ಲಿ ಕೂತು ಕನ್ನಡಿ ನೋಡುವಾಗ ಏನೂ ಗೊತ್ತಾಗುವುದಿಲ್ಲ. ಬಾಯಿ ದೊಡ್ಡದಾಗಿ ತೆರೆದು ಆವೇಶದಿಂದ ಮಾತಾಡಿದಾಗ ಮಾತ್ರ ಗಾಳಿ ನುಗ್ಗುತ್ತದೆ. ಇದನ್ನೆಲ್ಲ ಬಾಮೈದನಿಗೆ ಕಲಿಸಿದವರೇ ಮೇಷ್ಟ್ರು.

ಅವರು ಸೆಟ್ಟನ್ನು ತಮ್ಮ ಬೆಂಚಿಗೆ ತಂದರು. ಒರೆಸಿದರು. ಮೋಟಾರಿಗೆ ಅತಿ ಸಣ್ಣ ಕಲ್ಲಿನ ತುದಿ ಸಿಕ್ಕಿಸಿ ಸ್ವಿಚ್ಚು ಒತ್ತಿದರು. ಅದು ಸೊಳ್ಳೆಯ ಹಾಗೆ ಗುಂಯ್‌ಗುಡತೊಡಗಿತು. ಲೆನ್ಸಿನ ಕೆಳಗೆ ಅಂಚು ಹಿಡಿದರು. ಕಲ್ಲಿಗೂ ಅಂಚಿಗೂ ನಡುವೆ ಒಂದು ಬೆರಳಿನ ಜಾಗ ಉಳಿದಿತ್ತು. ಆಗ ಕರೆಂಟು ಹೋಯಿತು.

ಮೋಟಾರು ನಿಂತ ಮೌನದಲ್ಲಿ ಮೇಷ್ಟ್ರಿಗೆ ತಮ್ಮ ಉಸಿರು ಕೇಳಿಸಿತು. ಎರಡು ನಿಮಿಷ ಕಾದರು. ಐದು ನಿಮಿಷ ಕಾದರು. ಕಾದರು ಎಂಬ ಈ ವಿವರವನ್ನು ಅವರು ಆಮೇಲೆ ನೆನಪಿನಿಂದ ಅಳಿಸಲು ಬಹಳ ಪ್ರಯತ್ನಪಟ್ಟರು. ಕೆಳಗೆ ಮೆಟ್ಟಿಲ ಮೇಲೆ ಸದ್ದಾಯಿತು. ಸೆಟ್ಟನ್ನು ಗಡಿಬಿಡಿಯಲ್ಲಿ ಬಟ್ಟಲಿಗೆ ಹಾಕಿ, ಎದುರಿಗೆ ಸಿಕ್ಕ ಪಾಲಿಶ್ ಅಕ್ಕನಿಗೆ “ಟೀ ಕುಡಿದು ಬರ್ತೀನಿ” ಎಂದು ಹೇಳಿ ಇಳಿದುಹೋದರು. ಇಪ್ಪತ್ತು ನಿಮಿಷದ ಮೇಲೆ ಕರೆಂಟು ಬಂದಾಗ ಅವರು ಟೀ ಅಂಗಡಿಯಲ್ಲಿದ್ದರು, ಎರಡನೆಯ ಲೋಟದ ಮುಂದೆ.

ಆ ಸಂಜೆ ಮನೆಗೆ ನಡೆಯುವಷ್ಟರಲ್ಲಿ ಕಥೆ ಬೇರೆಯಾಗಿತ್ತು. ಕೈಗೆಟುಕುವ ದೂರದಲ್ಲಿದ್ದ ಪಾಪವನ್ನು ಕೊನೆಯ ಗಳಿಗೆಯಲ್ಲಿ ತಡೆದ ಆತ್ಮಸಾಕ್ಷಿಯ ಬಗ್ಗೆ ಮೇಷ್ಟ್ರಿಗೆ ಹೆಮ್ಮೆಯೆನಿಸಿತು. ವಿದ್ಯುತ್ ಇಲಾಖೆಗೆ ಸಲ್ಲಬೇಕಾದ ಕೀರ್ತಿಯನ್ನು ಪೂರ್ತಿಯಾಗಿ ತಾವೇ ಇಟ್ಟುಕೊಂಡು, ಹೆಂಡತಿಗೆ ಹೂಕೋಸು ಕೊಂಡು ಹೋದರು.

ಗ್ರಂಥಾಲಯದ ಸಭೆ ಹನ್ನೆರಡು ದಿನಗಳ ನಂತರ, ಶನಿವಾರ. ಬಾಮೈದನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು, ನ್ಯಾಯಾಧೀಶರೇ ಕರೆಸಿದ್ದರು. ಮೇಷ್ಟ್ರು ಹಿಂದೆ ಕಂಬದ ಪಕ್ಕ ನಿಂತು ಆ ಕುರ್ಚಿಯನ್ನೇ ನೋಡುತ್ತಿದ್ದರು. ನ್ಯಾಯಾಧೀಶರು ಹತ್ತು ನಿಮಿಷ ಗಂಭೀರವಾಗಿ ಮಾತಾಡಿದರು. ಆಮೇಲೆ ರಂಗೇರಿ, ಎರಡೂ ಕೈ ಎತ್ತಿ, “ಮಹಾಜನಗಳೇ!” ಎಂದು ಬಾಯಿ ತುಂಬ ಕರೆದರು. ಮೇಲಿನ ಸೆಟ್ಟು ಕಳಚಿ, ಭಾಷಣದ ಹಾಳೆಗಳ ಮೇಲೆ ಬಿದ್ದು, ಒಂದು ಸಲ ಪುಟಿದು, ಮಹಾಜನಗಳ ಕಡೆ ಮುಖ ಮಾಡಿ ನಿಂತಿತು.

ಮೇಷ್ಟ್ರ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಅದನ್ನು ಅಡಗಿಸುವುದು ಕಷ್ಟ. ಅಪ್ಪಟ, ತಂಪಾದ ಸಂತೋಷ. ಅದು ಮೂರು ಸೆಕೆಂಡು ಬಾಳಿತು. ನಾಲ್ಕನೆಯ ಸೆಕೆಂಡಿಗೆ ಬೆವರು ಕಿತ್ತುಕೊಂಡಿತು. ಬಾಯಿ ದೊಡ್ಡದಾಗಿ ತೆರೆದಾಗ, ಭಾಷಣದ ಮಧ್ಯೆ, ಮೇಲಿನ ಸೆಟ್ಟು! ಇವರು ಅಂದುಕೊಂಡದ್ದು ಅಕ್ಷರಕ್ಷರವೂ ನಡೆದುಹೋಗಿತ್ತು. ಇವರು ಮಾತ್ರ ಏನೂ ಮಾಡಿರಲಿಲ್ಲ. ಮಾಡಿರಲಿಲ್ಲ ತಾನೆ? ಆ ಕಲ್ಲು ಎಲ್ಲಾದರೂ ತಗುಲಿತ್ತೆ?

ಭಾನುವಾರ ಪೂರ್ತಿ ಮೇಷ್ಟ್ರು ತಮ್ಮ ಬೆರಳುಗಳನ್ನು ನೋಡಿಕೊಂಡರು.

ಸೋಮವಾರ ಯಜಮಾನರು ಸಂಸ್ಥೆಯ ಮಾನ ಹರಾಜಾದ ಬಗ್ಗೆ ಅರ್ಧ ಗಂಟೆ ಕೂಗಾಡಿದರು. ಬಾಮೈದ ತಲೆ ತಗ್ಗಿಸಿ, “ನನ್ನದೇ ತಪ್ಪಿರಬೇಕು ಸರ್, ಹಿಂದಿನ ಅಂಚು ಸರಿಯಾಗಿ ಕೂತಿಲ್ಲ ಅನ್ಸುತ್ತೆ” ಎಂದ. ಅವನ ಮುಖ ಗಾರೆಯ ಬಣ್ಣಕ್ಕೆ ತಿರುಗಿತ್ತು. ಯಜಮಾನರು ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. “ನೀವು ಹಿರಿಯರು. ಹೋಗಿ ಕ್ಷಮೆ ಕೇಳಿ, ಆ ಸೆಟ್ಟು ವಾಪಸ್ ತನ್ನಿ. ಮುಖ್ಯಸ್ಥರ ವಿಷಯ ನಾನು ಸ್ವಲ್ಪ ಆತುರಪಟ್ಟಿದ್ದೆ ಅನ್ಸುತ್ತೆ. ಅನುಭವ ಅನುಭವವೇ.”

ಇಪ್ಪತ್ತೇಳು ವರ್ಷದಿಂದ ಕಾಯುತ್ತಿದ್ದ ಮಾತು. ಅದು ಬಂದದ್ದು ಬಾಮೈದ ಮುಗ್ಗರಿಸಿ ಬಿದ್ದ ಜಾಗದ ಮೇಲೆ ನಡೆದುಕೊಂಡು.

ನ್ಯಾಯಾಧೀಶರು ಬೋಳು ಬಾಯಿಯಲ್ಲೂ ಪೀಠದ ಮೇಲೆ ಕೂತವರಂತೆಯೇ ಕೂತಿದ್ದರು. ಮೇಷ್ಟ್ರ ಕ್ಷಮೆಯನ್ನು ಪೂರ್ತಿ ಕೇಳಿ, ಒಂದು ಡಬ್ಬಿ ಮುಂದೆ ತಳ್ಳಿದರು. ಮೇಷ್ಟ್ರು ಅಲ್ಲೇ ಲೆನ್ಸು ತೆಗೆದು ಅಂಚು ನೋಡಿದರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಒಂದು ಗೀರೂ ಇರಲಿಲ್ಲ. ಹೊಳಪು ಹಾಗೇ ಇತ್ತು.

ನಾನಲ್ಲ! ಮೇಷ್ಟ್ರಿಗೆ ಕುಣಿಯಬೇಕೆನಿಸಿತು. ಆದರೆ ಡಬ್ಬಿ ಮುಚ್ಚುವಷ್ಟರಲ್ಲಿ ಆ ಹಗುರ ಎಲ್ಲೋ ಸೋರಿಹೋಗಿತ್ತು. ನಾನಲ್ಲ, ಸರಿ. ಕರೆಂಟು ಇದ್ದಿದ್ದರೆ?

“ಸರ್, ಒಂದು ಮಾತು ಕೇಳಲಾ?” ಎಂದರು. “ಒಬ್ಬ, ಯಾರಿಗೋ ಕೇಡು ಮಾಡೋಣ ಅಂತ ಚಾಕು ಹಿಡಿದು ಹೊರಟ ಅಂತಿಟ್ಟುಕೊಳ್ಳಿ. ದಾರೀಲಿ ಮಳೆ ಬಂತು. ವಾಪಸ್ ಬಂದುಬಿಟ್ಟ. ಅವನಿಗೆ ಏನು ಶಿಕ್ಷೆ?”

ನ್ಯಾಯಾಧೀಶರ ಕಣ್ಣು ಹೊಳೆಯಿತು. ನಿವೃತ್ತಿಯಾದಮೇಲೆ ಅವರನ್ನು ಯಾರೂ ಇಂಥದ್ದು ಕೇಳಿರಲಿಲ್ಲ. ಹಲ್ಲಿಲ್ಲದ ಬಾಯಿಂದ ಗಾಳಿಯ ಜೊತೆ ಹೊರಬಂದದ್ದನ್ನು ನೆಟ್ಟಗೆ ಮಾಡಿದರೆ ಹೀಗಿತ್ತು: “ಏನೂ ಇಲ್ಲ. ಕಾನೂನಿನ ಕಣ್ಣಲ್ಲಿ ಅವನು ಚಾಕು ತಗೊಂಡು ವಾಕಿಂಗ್ ಹೋಗಿಬಂದ. ಕಾನೂನಿಗೆ ಕೈ ಕಾಣುತ್ತೆ, ತಲೆ ಒಳಗೆ ಕಾಣಲ್ಲ. ಕಾಣೋ ಹಾಗಿದ್ದಿದ್ರೆ ಕಟಕಟೆಯಲ್ಲಿ ಜಾಗ ಸಾಲ್ತಿರಲಿಲ್ಲ. ಪೀಠದ ಮೇಲೂ ಯಾರೂ ಉಳೀತಿರಲಿಲ್ಲ.”

“ಹಾಗಾದ್ರೆ ಅವನು ನಿರಪರಾಧಿ?”

“ಬಿಡುಗಡೆ ಅಂದೆ. ನಿರಪರಾಧಿ ಅಂತ ಎಲ್ಲಿ ಅಂದೆ? ಮಳೆಗೆ ಹೆದರಿ ವಾಪಸ್ ಬಂದವನಿಗೆ ಇನ್ನೊಂದು ದಿನ ಬಿಸಿಲು ಬೀಳುತ್ತಲ್ಲ.”

ಮೇಷ್ಟ್ರು ಡಬ್ಬಿ ಎತ್ತಿಕೊಂಡು ಎದ್ದರು. ಆಗ ಬಚ್ಚಲ ಬಾಗಿಲಲ್ಲಿ, ಸಣ್ಣ ಮೇಜಿನ ಮೇಲೆ, ಒಂದು ಕರೆಂಟಿನ ಕೆಟಲ್ಲೂ ಪಕ್ಕದಲ್ಲಿ ದಪ್ಪನೆಯ ಪಿಂಗಾಣಿ ಲೋಟವೂ ಕಂಡವು.

“ನನ್ನ ಶುಚಿತ್ವ ನೋಡಿ,” ಎಂದರು ನ್ಯಾಯಾಧೀಶರು ಅವರ ನೋಟ ಹಿಡಿದು. “ಆ ಹಲ್ಲಿಗೆ ನಾನು ಒಂದು ದಿನವೂ ತಪ್ಪಿಸಿಲ್ಲ. ಬೆಳಗ್ಗೆ ಎದ್ದ ತಕ್ಷಣ ಕೊತಕೊತ ಕುದಿಯೋ ನೀರು ಹೊಯ್ದು ಅರ್ಧ ಗಂಟೆ ಬಿಡ್ತೀನಿ. ಒಂದು ಕ್ರಿಮಿ ಉಳಿಯಲ್ಲ.”

ಮೇಷ್ಟ್ರು ನಿಂತಲ್ಲೇ ನಿಂತರು. ಅಕ್ರಿಲಿಕ್ಕು ಬೇಯುವುದೇನೋ ಸರಿ, ಆದರೆ ಬಿಗಿದ ಅಚ್ಚಿನೊಳಗೆ. ಅಚ್ಚಿನಿಂದ ಹೊರಬಂದಮೇಲೆ ಕುದಿಯುವ ನೀರು ಹೊಯ್ದರೆ ಅದು ಬಿಸಿಲಿಗಿಟ್ಟ ಮೇಣದ ಹಾಗೆ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗುತ್ತದೆ. ಅಂಚು ಹಾಗೇ ಇರುತ್ತದೆ, ಅಂಗುಳಿಗೆ ಕೂರುವುದಿಲ್ಲ. ಪ್ರತಿ ಸೆಟ್ಟಿನ ಜೊತೆಗೂ ‘ತಣ್ಣೀರು ಮಾತ್ರ’ ಎಂಬ ಚೀಟಿ ಹೋಗುತ್ತಿತ್ತು.

“ಚೀಟಿ ಇತ್ತಲ್ಲ ಸರ್?”

“ಸಣ್ಣ ಅಕ್ಷರ ಓದೋದನ್ನ ನಾನು ನಿವೃತ್ತಿ ದಿನವೇ ಬಿಟ್ಟೆ.”

ಅಲ್ಲಿಗೆ ಎಲ್ಲವೂ ಸ್ಪಷ್ಟವಾಯಿತು. ಬಾಮೈದನ ಕೆಲಸದಲ್ಲಿ ಕೂದಲೆಳೆಯಷ್ಟೂ ಊನವಿರಲಿಲ್ಲ. ಅದು ಗೊತ್ತಿದ್ದವರು ಭೂಮಿಯ ಮೇಲೆ ಒಬ್ಬರೇ. ಆ ಒಬ್ಬರು “ಬರ್ತೀನಿ ಸರ್” ಎಂದು ನಮಸ್ಕರಿಸಿ ಹೊರಗೆ ಬಂದರು. ಲ್ಯಾಬಿಗೆ ಹೋಗಿ ಡಬ್ಬಿಯನ್ನು ಯಜಮಾನರ ಮೇಜಿನ ಮೇಲಿಟ್ಟು, “ತುಂಬಾ ಬೇಜಾರಾಗಿದ್ದಾರೆ” ಎಂದಷ್ಟೇ ಹೇಳಿ, ತಮ್ಮ ಬೆಂಚಿಗೆ ಹೋಗಿ ಕೂತರು.

ಸಂಜೆ ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಡಿಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡರು.

“ನಮ್ಮ ಪರಿಚಯದವನೊಬ್ಬ ಇದ್ದಾನೆ ಕಣೆ...”

“ಯಾರು?”

“ನಿನಗೆ ಗೊತ್ತಿಲ್ಲ.”

“ನನಗೆ ಗೊತ್ತಿಲ್ಲದ ಪರಿಚಯದವರು ನಿಮಗೆ ಯಾರಿದ್ದಾರೆ? ಗೊತ್ತಿರೋರೇ ಮೂರು ಜನ. ಏನು ಮಾಡಿದ್ರಿ, ಹೇಳಿ.”

ಮೇಷ್ಟ್ರು ಹೇಳಿದರು. ಬಟ್ಟಲು, ಮೋಟಾರು, ಬೆರಳಿನ ಜಾಗ, ಕರೆಂಟು. ಹೆಂಡತಿಯ ಕೈ ಒಂದು ಅಂಗಿಯ ತೋಳಿನ ಮೇಲೆ ನಿಂತಿತು.

“ನನ್ನ ತಮ್ಮನಿಗೆ,” ಎಂದಳು.

“ಮಾಡಲಿಲ್ಲವಲ್ಲ! ಅಂಚು ನೋಡಿದೆ, ಒಂದು ಗೀರಿಲ್ಲ.”

“ಕರೆಂಟ್ ಹೋಯ್ತು ಅಂದ್ರಿ.”

“ಹೋಗದಿದ್ರೂ ಮಾಡ್ತಿರಲಿಲ್ಲ... ಅನ್ಸುತ್ತೆ. ಬರೀ ಯೋಚನೆ ಕಣೆ. ಯೋಚನೆಗೂ ಯಾರಾದ್ರೂ ಜವಾಬು ಕೇಳ್ತಾರಾ?”

“ಅದು ಹೇಗ್ರೀ? ನಾಲ್ಕು ವರ್ಷದಿಂದ ಈ ನಲ್ಲಿ ಕೇಳಿದಾಗೆಲ್ಲ ‘ಮಾಡೋಣ ಅಂತ ಇದೀನಿ’ ಅಂತೀರಿ, ಮಾಡಿದಷ್ಟೇ ಗತ್ತಿನಿಂದ. ನಿಮ್ಮ ಅಕ್ಕನ್ನ ನೋಡ್ಕೊಂಡು ಬರೋಣ ಅಂತ ಎರಡು ವರ್ಷದಿಂದ ಇದೀರಿ, ಹೋಗಿ ಬಂದೋರ ಹಾಗೆ ಮುಖ ಮಾಡ್ಕೊಂಡು. ಒಳ್ಳೇದು ಯೋಚನೆ ಮಾಡಿದ್ರೆ ಮಾಡಿದ ಹಾಗೆ, ಕೆಟ್ಟದ್ದು ಯೋಚನೆ ಮಾಡಿದ್ರೆ ಬರೀ ಯೋಚನೆ. ಒಂದೋ ಎರಡೂ ನಿಮ್ಮದು, ಇಲ್ಲಾ ಎರಡೂ ಅಲ್ಲ.”

ಮೇಷ್ಟ್ರಿಗೆ ನ್ಯಾಯಾಧೀಶರೇ ಎಷ್ಟೋ ವಾಸಿ ಎನಿಸಿತು. ಮಾತು ಬದಲಿಸಲು, “ಆ ಮನುಷ್ಯ ಕುದಿಯೋ ನೀರು ಹೊಯ್ದು ಸೆಟ್ಟು ಸೊಟ್ಟ ಮಾಡ್ಕೊಂಡಿದ್ದಾನೆ, ಅದು ನೋಡು ಮೊದಲು” ಎಂದರು.

ಹೆಂಡತಿ ಅಂಗಿಯನ್ನು ಕೆಳಗಿಟ್ಟಳು. “ಅಂದ್ರೆ ಅವನ ತಪ್ಪೇ ಇಲ್ಲ?”

“ಇಲ್ಲ.”

“ಯಜಮಾನರಿಗೆ ಹೇಳಿದ್ರಾ?”

ನಲ್ಲಿ ಎರಡು ಸಲ ತೊಟ್ಟಿಕ್ಕಿತು.

“ಹೇಳೋಣ ಅಂತ ಇದೀನಿ,” ಎಂದರು ಮೇಷ್ಟ್ರು.

ಆಕೆ ಕೂಗಾಡಲಿಲ್ಲ. ಅಂಗಿಯನ್ನು ಮತ್ತೆ ಎತ್ತಿಕೊಂಡು, ಅದರ ತೋಳುಗಳನ್ನು ಹಿಂದಕ್ಕೆ ಮಡಿಸಿ, “ಅವತ್ತು ಮಾಡದೇ ಇದ್ದದ್ದಕ್ಕೆ ಊರೆಲ್ಲ ನ್ಯಾಯ ಕೇಳ್ತಿದೀರಿ. ಇವತ್ತು ಮಾಡ್ತಾ ಇರೋದು ಕಾಣಿಸ್ತಾ ಇಲ್ಲ ನಿಮಗೆ” ಎಂದಳು.

ಮರುದಿನ ಮೇಷ್ಟ್ರು ಯಜಮಾನರ ಕೋಣೆಗೆ ಹೋದರು. ಬಾಗಿಲ ತನಕ ಹೋಗಿ ಎರಡು ಸಲ ವಾಪಸು ಬಂದದ್ದನ್ನು ಪಾಲಿಶ್ ಅಕ್ಕ ಎಣಿಸಿದಳು. ಒಳಗೆ ಹೋದಮೇಲೆ ಕೆಟಲ್ಲಿನ ವಿಷಯ ಹೇಳಿದರು. ಹೇಳುವಾಗ ಮುಖ್ಯಸ್ಥನ ಕುರ್ಚಿ ತಮ್ಮ ಕೆಳಗಿಂದ ಇಂಚಿಂಚಾಗಿ ಸರಿಯುವುದು ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಯಜಮಾನರು ಸೆಟ್ಟನ್ನು ಅದರ ಗಾರೆ ಮಾದರಿಯ ಮೇಲಿಟ್ಟು ನೋಡಿದರು. ಅದು ಕುಂಟು ಮೇಜಿನ ಹಾಗೆ ಅಲ್ಲಾಡಿತು. ನ್ಯಾಯಾಧೀಶರಿಗೆ ಫೋನು ಹೋಯಿತು. ಅವರು ಮೊದಲು ಅಪೀಲು ಮಾಡಿ, ಆಮೇಲೆ ಒಪ್ಪಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಬಾಮೈದನ ಹೆಸರು ಮುಖ್ಯಸ್ಥನೆಂದು ಗೋಡೆಗೆ ಅಂಟಿತು. ಮೇಷ್ಟ್ರು ಅದನ್ನು ಓದಿದರು. ಕಾಗದ ಸ್ವಲ್ಪ ಓರೆಯಾಗಿ ಅಂಟಿತ್ತು. ಅದೂ ಚೆನ್ನಾಗಿಯೇ ಕಾಣುತ್ತಿತ್ತು.

ಕೈ ತೊಳೆಯುವ ತೊಟ್ಟಿಯ ಹತ್ತಿರ ಬಾಮೈದ ಸಿಕ್ಕ. “ಭಾವ, ನೀವು ಹೇಳದಿದ್ರೆ ನಾನು ಕೆಲಸ ಬಿಡೋನಿದ್ದೆ,” ಎಂದ. ಕಣ್ಣಲ್ಲಿ ನೀರಿತ್ತು.

ಇದನ್ನು ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. “ಸುಮ್ನಿರಯ್ಯಾ. ನಿನಗೆ ಗೊತ್ತಿಲ್ಲ. ಆ ಸೋಮವಾರ ಊಟದ ಹೊತ್ತಲ್ಲಿ ನಾನು ನಿನ್ನ ಸೆಟ್ಟು ತಗೊಂಡು...”

“ಗೊತ್ತು ಭಾವ.”

“ಏನು ಗೊತ್ತು?”

“ಸೆಟ್ಟನ್ನ ಹಲ್ಲು ಕೆಳಗೆ ಮಾಡಿ ನೀರಲ್ಲಿಡಬೇಕು ಅಂತ ನೀವೇ ಹೇಳಿಕೊಟ್ಟಿದ್ದು. ನಾನು ಬಂದಾಗ ಹಲ್ಲು ಮೇಲಿತ್ತು, ನನ್ನ ನೋಡಿ ನಗ್ತಾ ಇತ್ತು. ಆಮೇಲೆ ಕರೆಂಟ್ ಬಂತು. ನಿಮ್ಮ ಮೋಟಾರು ತಾನೇ ತಿರುಗೋಕೆ ಶುರುವಾಯ್ತು, ಸ್ವಿಚ್ ಹಾಗೇ ಬಿಟ್ಟಿದ್ರಿ. ನಾನೇ ಆರಿಸಿದೆ. ಲೆನ್ಸ್ ಹಾಕಿ ನೋಡಿದೆ. ಅಂಚು ಸರಿಯಾಗಿತ್ತು. ಕಳಿಸಿಕೊಟ್ಟೆ.”

ಮೇಷ್ಟ್ರ ಕೈಯ ಸೋಪು ತೊಟ್ಟಿಯೊಳಗೆ ಜಾರಿತು. “ಮತ್ತೆ ಯಜಮಾನರ ಮುಂದೆ ನನ್ನದೇ ತಪ್ಪು ಅಂದೆ?”

“ಬೇರೆ ಕಾರಣ ಗೊತ್ತಿರಲಿಲ್ಲವಲ್ಲ. ನಿಮ್ಮ ಮೋಟಾರಿನ ವಿಷಯ ಹೇಳ್ಬಿಡೋಣ ಅಂತ ಅಂದ್ಕೊಂಡೆ, ಸುಳ್ಳು ಹೇಳಲ್ಲ. ಭಾನುವಾರ ಪೂರ್ತಿ ಅದೇ ಯೋಚನೆ. ಹೇಳಿದ್ರೆ ನಾನು ಉಳ್ಕೋತಿದ್ದೆ.”

“ಅಂದ್ಕೊಂಡೆಯಾ?” ಮೇಷ್ಟ್ರ ಮುಖ ಅರಳಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಬಾಮೈದನಲ್ಲಿ ಒಂದು ಊನ! “ಪೂರ್ತಿ ಭಾನುವಾರ?”

“ಪೂರ್ತಿ. ಆದ್ರೆ ಅಂಚಿಗೆ ನಿಮ್ಮ ಕಲ್ಲು ತಾಗಿರಲಿಲ್ಲ ಅಂತ ನನಗೆ ಗೊತ್ತಿತ್ತಲ್ಲ ಭಾವ. ಬಿಟ್ಟೆ.”

ಬಿಟ್ಟೆ ಎಂದಷ್ಟೇ ಹೇಳಿ ಅವನು ಕೈ ಒರೆಸಿಕೊಂಡು ಹೋದ, ಅಕ್ಕನಿಗೆ ಸುದ್ದಿ ಹೇಳಿ ಬರುತ್ತೇನೆಂದು. ಮೇಷ್ಟ್ರು ತೊಟ್ಟಿಯ ಮುಂದೆ ನಿಂತೇ ಇದ್ದರು. ಭಾನುವಾರ ಅವನ ಮನೆಯಲ್ಲಿ ಕರೆಂಟೇನೂ ಹೋಗಿರಲಿಲ್ಲ. ತಾನೇ ಬಿಟ್ಟಿದ್ದ. ಹಲ್ಲಿನಲ್ಲಿ ಸರಿ, ಇದರಲ್ಲೂ ಇವನೇ ಮುಂದೆಯೇ? ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಮತ್ತೆ ಮಗ್ಗುಲು ಬದಲಿಸಿತು.

ಸಂಜೆ ಮನೆಗೆ ಬರುವ ದಾರಿಯಲ್ಲಿ ಮೇಷ್ಟ್ರು ಅಂಗಡಿಯೊಂದಕ್ಕೆ ಹೋಗಿ ನಲ್ಲಿಯ ವಾಷರು ಕೇಳಿದರು. ಯಾವ ಅಳತೆ ಎಂದಾಗ, ನಾಲ್ಕು ವರ್ಷ ಕೇಳಿಸಿಕೊಂಡ ತೊಟ್ಟಿನ ಆಧಾರದ ಮೇಲೆ ಅಂದಾಜಿನಲ್ಲಿ ಒಂದು ಆರಿಸಿದರು. ಇನ್ನು ‘ಅಂತ ಇದೀನಿ’ ಎಂಬ ಮಾತೇ ಬೇಡ. ಅಕ್ಕನ ಮನೆಗೂ ಬರುವ ಭಾನುವಾರವೇ. ಜೇಬಿನಲ್ಲಿ ವಾಷರನ್ನು ಬೆರಳಿನಿಂದ ತಿರುಗಿಸುತ್ತ, ಹತ್ತು ವರ್ಷ ಚಿಕ್ಕವರಾದಂತೆ ಮೆಟ್ಟಿಲು ಹತ್ತಿದರು.

ಮನೆಯಲ್ಲಿ ಏನೋ ಕಡಿಮೆಯಾದಂತಿತ್ತು. ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು: ಸದ್ದು.

“ತಮ್ಮ ಬಂದಿದ್ದ,” ಎಂದಳು ಹೆಂಡತಿ, ಮುಖವೆಲ್ಲ ಬೆಳಕಾಗಿ. “ಸುದ್ದಿ ಹೇಳ್ತಾ ನಿಂತಿದ್ದೋನು, ಇದೇನಕ್ಕ ಹೀಗೆ ಸೋರ್ತಿದೆ ಅಂತ ಹತ್ತು ನಿಮಿಷದಲ್ಲಿ ಸರಿಮಾಡಿ ಹೋದ. ಸ್ಪಾನರ್ ಕಿಟಕಿ ಮೇಲಿದೆ, ಎತ್ತಿಡಿ. ನಾನು ಪಕ್ಕದ ಮನೆಯವರಿಗೆ ಅವನ ವಿಷಯ ಹೇಳಿ ಬರ್ತೀನಿ.”

ಆಕೆ ಹೋದಳು. ಮೇಷ್ಟ್ರು ನಲ್ಲಿಯ ಮುಂದೆ ನಿಂತರು. ಅದು ಒಣಗಿತ್ತು, ಹೊಳೆಯುತ್ತಿತ್ತು, ಪರವಾಗಿಲ್ಲ ಎನ್ನುವುದಕ್ಕೂ ಜಾಗವಿರಲಿಲ್ಲ. ಕಿಟಕಿಯಿಂದ ಸ್ಪಾನರು ತೆಗೆದುಕೊಂಡರು. ಅದು ತಾನಾಗೇ ನಲ್ಲಿಯ ಕುತ್ತಿಗೆಗೆ ಹೋಗಿ ಕೂತಿತು. ಅರ್ಧ ಸುತ್ತು. ಅಷ್ಟೇ ಸಾಕು. ನಾಳೆ ಬೆಳಗ್ಗೆ ಒಂದು ತೊಟ್ಟು, ಮಧ್ಯಾಹ್ನಕ್ಕೆ ಇನ್ನೊಂದು. ‘ನಿನ್ನ ತಮ್ಮ ಮಾಡಿದ ರಿಪೇರಿ ನೋಡು’ ಎಂದು, ಜೇಬಿನಿಂದ ವಾಷರು ತೆಗೆದು...

ಸ್ಪಾನರಿಗೆ ಕರೆಂಟು ಬೇಕಿರಲಿಲ್ಲ. ಮೆಟ್ಟಿಲ ಮೇಲೆ ಯಾರ ಸದ್ದೂ ಇರಲಿಲ್ಲ. ಪಕ್ಕದ ಮನೆಯಿಂದ ಹೆಂಡತಿಯ ನಗು ತೇಲಿ ಬರುತ್ತಿತ್ತು, ಇನ್ನೂ ಅರ್ಧ ಗಂಟೆ ಬರುವವಳಲ್ಲ. ಮೇಷ್ಟ್ರು ಸುತ್ತ ನೋಡಿದರು, ಯಾರಾದರೂ ತಡೆಯುತ್ತಾರೇನೋ ಎಂಬಂತೆ. ಆಮೇಲೆ ಮಣಿಕಟ್ಟು ಸಡಿಲಿಸಿ, ಸ್ಪಾನರನ್ನು ತೆಗೆದು, ಒರೆಸಿ, ಕೆಳಗಿನ ಡ್ರಾಯರಿನಲ್ಲಿ ಹಾಕಿ, ವಾಷರನ್ನೂ ಅದರ ಪಕ್ಕ ಇಟ್ಟು ಮುಚ್ಚಿದರು. ಬೆನ್ನೆಲ್ಲ ಬೆವೆತಿತ್ತು.

ಹೆಂಡತಿ ವಾಪಸು ಬಂದಾಗ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ನಲ್ಲಿಯನ್ನೇ ನೋಡುತ್ತಿದ್ದರು.

“ಇಷ್ಟು ಹೊತ್ತು ಏನ್ರೀ ಮಾಡಿದ್ರಿ?”

“ಏನೂ ಮಾಡಲಿಲ್ಲ,” ಎಂದರು ಮೇಷ್ಟ್ರು. ಅದನ್ನು ಅವರು ಅಷ್ಟೊಂದು ಹೆಮ್ಮೆಯಿಂದ ಏಕೆ ಹೇಳಿದರೆಂಬುದು ಆಕೆಗೆ ಅರ್ಥವಾಗಲಿಲ್ಲ.